ಬಾವಿಗೆ ಬಿಟ್ಟ ಜೀವಗಳು

ಪುತ್ತಿಗೆಯ ಕಮಲಾವತಿಯಮ್ಮ ಇರುವೆಗೂ ದಾರಿ ಬಿಟ್ಟು ನಡೆಯುವ ಹೆಂಗಸು. ಜೈನರ ಮನೆಯಲ್ಲಿ ಸೋಸದ ನೀರು ಕುಡಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಮತ್ತೆ ಬಾವಿಗೇ ಬಿಡಬೇಕು. ಈ ನೇಮದಲ್ಲಿ ಅವರನ್ನು ಮೀರಿಸುವವರು ಊರಲ್ಲಿ ಇರಲಿಲ್ಲ. ಅದರ ಹೆಮ್ಮೆಯೂ ಅವರಿಗೆ ಸ್ವಲ್ಪ ಹೆಚ್ಚೇ ಇತ್ತು, ಸುಳ್ಳು ಯಾಕೆ ಹೇಳಬೇಕು.

೧೯೬೭ರ ಸುಗ್ಗಿ ಬೆಳೆಗೆ ಕಾಂಡ ಕೊರೆಯುವ ಹುಳ ಬಿತ್ತು. ಅವರ ಒಕ್ಕಲು ಶಂಭುವಿನ ಗದ್ದೆಯಲ್ಲೇ ಹೆಚ್ಚು. ಕೃಷಿ ಇಲಾಖೆಯವರೊಬ್ಬರು ಪ್ರಯೋಗಕ್ಕೆಂದು ಒಂದು ಕ್ಯಾನು ನೀರು ತಂದು ಕಮಲಾವತಿಯಮ್ಮನ ಜಗಲಿಯ ನೆರಳಲ್ಲಿಟ್ಟರು.

“ಇದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಗಳು ಉಂಟಮ್ಮ. ಹುಳದ ಹೊಟ್ಟೆಯೊಳಗೆ ಹೊಕ್ಕು ಅದನ್ನು ಕೊಲ್ತವೆ. ಬಿಸಿಲು ತಾಗಿದರೆ ಇವು ಸಾಯ್ತವೆ, ಬಿಸಿಲು ಇಳಿದ ಮೇಲೆ ಶಂಭು ಗದ್ದೆಗೆ ಸಿಂಪಡಿಸಲಿ,” ಎಂದು ಹೇಳಿ ಹೋದರು.

ಕಮಲಾವತಿಯಮ್ಮನಿಗೆ ಊಟ ಸೇರಲಿಲ್ಲ. ಜೀವಗಳನ್ನು ಕೊಲ್ಲಲಿಕ್ಕೆ ಕಳಿಸುವ ಪಾಪ ತನ್ನ ಜಗಲಿಯಿಂದಲೇ ಹೊರಡಬೇಕೇ? ದಪ್ಪ ಬಟ್ಟೆಯನ್ನು ಮಡಿಸಿ ಮಡಿಸಿ ಕ್ಯಾನಿನ ನೀರನ್ನು ಸೋಸಿದರು. ಬಟ್ಟೆಯನ್ನು ಮಗುಚಿ, ನೀರು ಹೊಯ್ದು, ಅದರಲ್ಲಿದ್ದುದನ್ನೆಲ್ಲ ಬಾವಿಗೆ ಬಿಟ್ಟರು. ಮದ್ದಿನ ಗುಣ ನೀರಿಗೂ ಇಳಿದಿರುತ್ತದೆ ಎಂದು ತಮಗೆ ತಾವೇ ಹೇಳಿಕೊಂಡರು. ಸಂಜೆ ಬಂದ ಶಂಭುವಿಗೆ ಆ ಬರೀ ನೀರನ್ನೇ ಕೊಟ್ಟರು, ಬಾಯಿ ಬಿಡಲಿಲ್ಲ.

ಶಂಭುವಿನ ಗದ್ದೆಯ ತೆನೆಗಳು ಬಿಳಿಚಿಕೊಂಡು ನಿಂತವು. ಕೈಯಲ್ಲಿ ಹಿಡಿದರೆ ಎಲ್ಲ ಜೊಳ್ಳು. ನೋಡಲು ಬಂದ ಅಧಿಕಾರಿಯನ್ನು ಕಮಲಾವತಿಯಮ್ಮ ಮೆಲ್ಲನೆ ಕೇಳಿದರು: “ಆ ಜಂತುಗಳನ್ನು ಬಾವಿಗೆ ಬಿಟ್ಟರೆ ಬದುಕ್ತವಾ?”

“ಎಲ್ಲಿಂದ ಅಮ್ಮ? ಹೊಗಲಿಕ್ಕೆ ಹುಳ ಸಿಗದಿದ್ದರೆ ಅವು ಹಸಿದೇ ಸಾಯ್ತವೆ.”

ಅಂದರೆ ಅವನ್ನೂ ಉಳಿಸಲಿಲ್ಲ, ಗದ್ದೆಯನ್ನೂ ಉಳಿಸಲಿಲ್ಲ. ಅಂದಿನಿಂದ ಅವರಿಗೆ ನಿದ್ದೆ ಹತ್ತಲಿಲ್ಲ. ಬಸದಿಯಲ್ಲಿ ಕೈಮುಗಿದರೂ ಕಣ್ಣೆದುರು ಶಂಭುವಿನ ಗದ್ದೆಯೇ. ಕೊನೆಗೆ ನಾಚಿಕೆ ಬಿಟ್ಟು ಅವನ ಅಂಗಳಕ್ಕೆ ಹೋಗಿ ಎಲ್ಲವನ್ನೂ ಹೇಳಿದರು.

“ತಪ್ಪಾಯಿತು ಶಂಭು. ಅವಕ್ಕೂ ಜೀವ ಉಂಟಲ್ಲ ಅಂತ ಹಾಗೆ ಮಾಡಿದೆ.”

ಶಂಭು ಸ್ವರ ಏರಿಸಲಿಲ್ಲ. “ಉಂಟಮ್ಮ. ನನ್ನ ಮಕ್ಕಳಿಗೂ ಉಂಟು,” ಎಂದ.

ಆ ಮಳೆಗಾಲವಿಡೀ ಕಮಲಾವತಿಯಮ್ಮ ತಮ್ಮ ಕಣಜದ ಅಕ್ಕಿಯನ್ನು ಅವನ ಮನೆಗೆ ಕಳಿಸಿದರು. ಅವನು ಬೇಡವೆನ್ನಲಿಲ್ಲ, ಬೇಡವೆನ್ನುವ ಸ್ಥಿತಿ ಅವನದಾಗಿರಲಿಲ್ಲ. ಅವರನ್ನು ಕಂಡಾಗ ಮೊದಲಿನಂತೆಯೇ ಮುಂಡಾಸು ತೆಗೆದು ಮಾತಾಡಿಸುತ್ತಿದ್ದ.

ಮರುವರ್ಷ ಇಲಾಖೆಯವರು ಮತ್ತೆ ಒಂದು ಕ್ಯಾನು ತಂದರು. ಬಿಸಿಲು ಇನ್ನೂ ಸುಡುತ್ತಿತ್ತು, ನೆರಳಿದ್ದುದು ಕಮಲಾವತಿಯಮ್ಮನ ಜಗಲಿಯಲ್ಲಿ. ಶಂಭು ಕ್ಯಾನನ್ನು ತಲೆಯ ಮೇಲಿಟ್ಟುಕೊಂಡು, ಆ ಜಗಲಿ ದಾಟಿ ತನ್ನ ಗುಡಿಸಲಿಗೆ ಒಯ್ದ. ಇಲ್ಲಿಡು ಎನ್ನುವ ಧೈರ್ಯ ಕಮಲಾವತಿಯಮ್ಮನಿಗೆ ಬರಲಿಲ್ಲ.