ಕ್ಲಚ್ಚಿಲ್ಲದ ಗಾಡಿಯ ದೇವಿಂದ್ರಪ್ಪ

ನನ್ನ ತಮ್ಮ ದೇವಿಂದ್ರಪ್ಪನಿಗೆ ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಹಾಸುಗಲ್ಲಿನ ಲಾರಿ ಓಡಿಸುತ್ತಿದ್ದ ಕಾಲದಲ್ಲಿ, ಇಳಿಸುವಾಗ ಒಂದು ಕಲ್ಲು ಜಾರಿ ಕಾಲಿನ ಮೇಲೆ ಬಿತ್ತು. ದವಾಖಾನೆಯಲ್ಲಿ ಕಣ್ಣು ಬಿಟ್ಟವನು ನನ್ನನ್ನು ನೋಡಿ, “ಅಕ್ಕಾ, ಬ್ರೇಕ್ ಒತ್ತಾಕ ಬಲಗಾಲ ಅದ. ಕ್ಲಚ್ ಒತ್ತಾಕ ನೀ ಬರ್ತೀಯೇನ?” ಎಂದ. ಅಳುತ್ತಿದ್ದವಳು ನಕ್ಕುಬಿಟ್ಟೆ.

ಕ್ಲಚ್ಚೇ ಇಲ್ಲದ ಗಾಡಿಯೊಂದು ಕಲಬುರಗಿಯಲ್ಲಿತ್ತು. ಬೇಳೆ ಮಿಲ್ಲಿನ ಸಾವುಕಾರರ ಮನೆಯದು, ಅಮೆರಿಕಾದಿಂದ ಬಂದದ್ದು. ಅದಕ್ಕೆ ದೊಡ್ಡ ಹೆಸರಿದೆ, ನಮ್ಮ ಬಾಯಿಗೆ ಹೊರಳುವುದಿಲ್ಲ, ಉದ್ದಗಾಡಿ ಅನ್ನುತ್ತೇವೆ. ಕಾಲಡಿಗೆ ಎರಡೇ ಪೆಡಲು. ಗಿಯರು ತನ್ನಷ್ಟಕ್ಕೆ ತಾನೇ ಬದಲಾಗುತ್ತದೆ. ಹಿರಿಯ ಸಾವುಕಾರರು ಕರೆದು ಕೀಲಿ ಕೊಟ್ಟರು. ಕ್ಲಚ್ಚಿಲ್ಲದ ಗಾಡಿ ಮಾತ್ರ ಓಡಿಸಬಹುದು ಅಂತ ಬರೆದು ಇವನಿಗೆ ಲೈಸೆನ್ಸೂ ಆಯಿತು. ಅಂದಿನಿಂದ ಊರಿನ ಮದುಮಕ್ಕಳನ್ನು ಮೆರೆಸುವ ಕೆಲಸ ಇವನದಾಯಿತು. ತಾನು ಮಾತ್ರ ಮದುವೆಯಾಗಲಿಲ್ಲ. ಕೇಳಿದರೆ, “ವರ್ಷಾ ಅಷ್ಟು ಮದವಿ ಮಾಡ್ತೀನಲ್ಲ ಅಕ್ಕಾ, ಸಾಲದೇನ?” ಅನ್ನುತ್ತಾನೆ. ನನ್ನ ಗಂಡ ತೀರಿದ ಮೇಲೆ ನಾನು ಕಮಲಾಪುರ ಬಿಟ್ಟು ಶಹಾಬಜಾರದಲ್ಲಿ ಅವನ ಮನೆಗೇ ಬಂದೆ.

ಮೆರವಣಿಗೆಯ ಗಾಡಿ ನಡೆಸುವುದು ಬೇರೆಯೇ ವಿದ್ಯೆ. ಮುಂದೆ ಬ್ಯಾಂಡಿನವರು, ಕುಣಿಯುವವರು, ಆರತಿ ಹಿಡಿದು ಅಡ್ಡ ನಿಲ್ಲುವ ಮುತ್ತೈದೆಯರು. ನಾಲ್ಕು ಹೆಜ್ಜೆ ಹೋಗಬೇಕು, ನಿಲ್ಲಬೇಕು, ಮತ್ತೆ ಹೋಗಬೇಕು. ಕ್ಲಚ್ಚಿನ ಗಾಡಿ ಹೀಗೆ ಮಾಡಿ ಮಾಡಿ ಸುಟ್ಟ ವಾಸನೆ ಹೊಡೆಯುತ್ತದೆ, ಜಗ್ಗುತ್ತದೆ, ಮದುಮಗನ ಬಾಸಿಂಗ ಮೂಗಿನ ಮೇಲೆ ಬೀಳುತ್ತದೆ. ದೇವಿಂದ್ರ ಬ್ರೇಕಿನ ಮೇಲಿನ ಕಾಲು ತುಸು ಸಡಿಲ ಮಾಡಿದರೆ ಸಾಕು, ಉದ್ದಗಾಡಿ ತುಂಬಿದ ಕೊಡ ಹೊತ್ತ ಹೆಂಗಸಿನ ಹಾಗೆ ಹೆಜ್ಜೆ ಹಾಕುತ್ತಿತ್ತು.

ಹೋದ ವರ್ಷ ಯುಗಾದಿ ಕಳೆದ ಮೇಲೆ ಒಂದು ಮದುವೆಯಲ್ಲಿ ಅದು ನಿಂತಿತು. ನಮ್ಮ ಓಣಿಯ ಬಾಯಲ್ಲೇ. ಒಳಗೆ ಡಬ್ಬದಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ ಸದ್ದಾಯಿತು, ಕೆಳಗೆ ಕರಕಾದ ಎಣ್ಣೆ ಸುರಿಯಿತು. ಎಂಜಿನ್ನು ಕೂಗುತ್ತಿತ್ತು, ಗಾಲಿ ಅಲುಗಲಿಲ್ಲ.

“ಕಾಕಾ, ಮದುಮಗನ್ನ ನಾವ ಹೊತ್ಕೊಂಡ್ ಹೋಗ್ಬೇಕೇನ್ರಿ?” ಎಂದ ಬ್ಯಾಂಡಿನವನೊಬ್ಬ.

“ಹೊರ್ರಿ. ಬಾರಸೂದ್ ಮಾತ್ರ ನಿಂದರಸಬ್ಯಾಡ್ರಿ,” ಎಂದ ಇವನು. ಬಾಯಲ್ಲಿ ಹಾಗೆ ಅಂದನೇ ಹೊರತು, ಮನೆಗೆ ಬಂದು ರೊಟ್ಟಿ ಮುಟ್ಟಲಿಲ್ಲ.

ತಾರಿಖ್ ಮಿಸ್ತ್ರಿ ಗಾಡಿಯ ಹೊಟ್ಟೆ ಬಿಚ್ಚಿದ. ಎಷ್ಟೋ ವರ್ಷದಿಂದ ಅವನೇ ಅದರ ಡಾಕ್ಟರು. ಎಂಜಿನ್ನಿಗೂ ಗಿಯರಿಗೂ ನಡುವೆ ಕೊಳಗದಷ್ಟು ದಪ್ಪದ, ಎಣ್ಣೆ ತುಂಬಿದ ಒಂದು ದುಂಡನೆಯ ಡಬ್ಬಿ ಇರುತ್ತದಂತೆ. ಅದು ಒಡೆದು, ಅದರ ಚೂರುಗಳು ಗಿಯರಿನೊಳಗೆ ಹೋಗಿ ಎಲ್ಲವನ್ನೂ ಅರೆದುಬಿಟ್ಟಿದ್ದವು.

“ಖತಂ ಆಗ್ಯಾದ ಭಯ್ಯಾ. ಇದರ ಸಾಮಾನು ಇಲ್ಲೆಲ್ಲೂ ಸಿಗಂಗಿಲ್ಲ,” ಎಂದ. ಹೈದರಾಬಾದು, ಮುಂಬೈ ಎಲ್ಲ ಕಡೆ ಫೋನು ಮಾಡಿದ. ಇಲ್ಲ ಅಂದರು.

ಈಗಿನ ಸಾವುಕಾರ ಗುರುಪ್ರಸಾದ, ಹಿರಿಯರ ಮೊಮ್ಮಗ, ಒಳ್ಳೆಯ ಮನುಷ್ಯ. ಆದರೆ ಲೆಕ್ಕದ ಮನುಷ್ಯ. ನಮ್ಮ ಕಡೆ ಹಳೆಯ ಗಾಡಿಗೆ ಎಲ್ಲರೂ ಮಾಡುವುದನ್ನೇ ಅವರೂ ಹೇಳಿದರು: ಯಾವುದಾದರೂ ಜೀಪಿನ ಡೀಸೆಲ್ ಎಂಜಿನ್ನು, ಅದರದೇ ಕ್ಲಚ್ಚು, ಗಿಯರು ಕೂಡಿಸಿಬಿಡುವುದು. ಮೇಲೆ ಅಮೆರಿಕಾ, ಒಳಗೆ ಜೀಪು.

“ಕ್ಲಚ್ ಬಂದ್ರ ನಾ ಹೆಂಗ ನಡಸಲಿರಿ ಸಾವ್ಕಾರ್ರ?”

“ನಿಮ್ಮನ್ನ ಬಿಡಂಗಿಲ್ಲ ದೇವಿಂದ್ರಪ್ಪ. ಮಿಲ್ಲಿನ ಗೇಟ್‌ನಾಗ ಕುರ್ಚಿ ಹಾಕಿಸಿ ಕೊಡ್ತೀನಿ. ನೆಳ್ಳಾಗ ಕುಂದರ್ರಿ.”

“ಗೇಟ್ ಕಾಯೂದು ನಾಯಿನೂ ಮಾಡ್ತದ್ರಿ. ನನಗ ಗಾಡಿ ಬರ್ತದ.”

ಸಾವುಕಾರರು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಕೊನೆಗೆ, “ದೀಪಾವಳಿ ತನಕ ಗಾಡಿ ಮುಟ್ಟಂಗಿಲ್ಲ. ಆಮ್ಯಾಲೆ ಜೇವರ್ಗಿ ಕಾಲೋನಿದು ಒಂದು ಮದವಿ ಒಪ್ಕೊಂಡೀನಿ. ಅಷ್ಟರಾಗ ಹಂತಾದ ಗಿಯರ್ ತಂದ್ರ ಗಾಡಿ ನಿಮ್ದು. ಇಲ್ಲಂದ್ರ ಜೀಪಿನ ಎಂಜಿನ್ನು, ಬ್ಯಾರೆ ಡ್ರೈವರ್,” ಎಂದರು.

ಶ್ರಾವಣ ಬಂತು, ಹೋಯಿತು. ದೇವಿಂದ್ರ ದಿನವೂ ಮಿಲ್ಲಿಗೆ ಹೋಗಿ ಸತ್ತ ಗಾಡಿ ಒರೆಸಿ ಬರುತ್ತಿದ್ದ. ಒಂದು ದಿನ ಜೋಳ ಹಸನು ಮಾಡುತ್ತ ಕೂತವಳು ಕೇಳಿದೆ, “ಹಂತಾ ಗಾಡಿ ಈ ದೇಶದಾಗ ಅದೊಂದೇನೋ ಬಂದಿದ್ದು?”

“ಇರ್ತಾವಕ್ಕಾ. ಎಲ್ಯಾರ ಗುಜರಿ ಒಳಗ ಕರಗಿ ಹೋಗಿರ್ತಾವ. ಎರಡ ಪೆಡಲಿನ ಗಾಡಿ ನೀ ಎಲ್ಯಾರ ನೋಡೀಯೇನ?”

ನೋಡಿದ್ದೆ. ನಾನು ಹೊಸದಾಗಿ ಕಮಲಾಪುರಕ್ಕೆ ಗಂಡನ ಮನೆಗೆ ನಡೆಯಲು ಹೋದ ವರ್ಷ, ಹೈದರಾಬಾದಿಗೆ ಹೊರಟಿದ್ದ ಇಂಥದೇ ಗಾಡಿ ರಸ್ತೆಯ ಹುಣಸೆಮರಕ್ಕೆ ಗುದ್ದಿತ್ತು. ಹಣೆ ಒಡೆದುಕೊಂಡಿದ್ದ ಡ್ರೈವರನಿಗೆ ನೀರು ಕೊಟ್ಟವಳು ನಾನೇ. ತೆರೆದ ಬಾಗಿಲಿನಿಂದ ಒಳಗೆ ನೋಡಿ ನನ್ನ ಗಂಡ, “ಮೂರರಾಗ ಒಂದ್ ಪೆಡಲ್ ಕಿತ್ತಿ ಬಿತ್ತೇನ್ರಿ?” ಅಂತ ಕೇಳಿ, ಆ ಗಾಯಾಳುವಿನ ಕೈಯಲ್ಲೂ ಬೈಸಿಕೊಂಡಿದ್ದ. ಗಾಡಿಯನ್ನು ಎತ್ತು ಕಟ್ಟಿ ಎಳೆದು, ನಾವು ಕೂಲಿಗೆ ಹೋಗುತ್ತಿದ್ದ ಬಾಳೆತೋಟದಲ್ಲಿ ಬಿಟ್ಟರು. ಬಿಟ್ಟವರು ತಿರುಗಿ ಬರಲಿಲ್ಲ.

ಹೇಳಿ ಮುಗಿಸುವುದರೊಳಗೆ ದೇವಿಂದ್ರ ಕಂಕುಳಿಗೆ ಕೋಲು ಸಿಗಿಸಿಕೊಂಡು ಎದ್ದಿದ್ದ.

ಮರುದಿನ ತಾರಿಖನ ಟೆಂಪೋದಲ್ಲಿ ಮೂವರೂ ಹೋದೆವು. ತೋಟದ ಒಡತಿ ಸಾವಿತ್ರಿಬಾಯಿ ಕಟ್ಟೆಯ ಮೇಲೆ ಕೂತಿದ್ದಳು.

“ಯವ್ವಾ, ಸಾಬವ್ವ! ಇನ್ನೂ ಬದಕಿದ್ದಿಯೇನ?”

“ನಿಮ್ಮನ್ನ ಕಳಸದ ನಾ ಹೆಂಗ ಹೋಗಲಿರಿ ಅವ್ವಾರ?”

ಗಾಡಿ ಇತ್ತು. ಮೂತಿ ಅಪ್ಪಚ್ಚಿ, ಗಾಜಿಲ್ಲ, ಗಾಲಿಯಿಲ್ಲ, ಒಳಗೆ ಕೋಳಿಗಳು ಸಂಸಾರ ಹೂಡಿದ್ದವು. ತಾರಿಖ್ ಅಂಗಾತ ಮಲಗಿ ಕೆಳಗೆ ತೂರಿದ. ಅಲ್ಲಿಂದಲೇ ಕೂಗಿದ, “ಅದೇ ಅದ ಭಯ್ಯಾ! ಮುರದಿಲ್ಲ, ಎಣ್ಣಿನೂ ಒಳಗ ಅದ!” ದೇವಿಂದ್ರ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತ.

“ಕಬ್ಬಿಣ ಒಯ್ರಿ. ಕೋಳಿ ಮನಿ ಮಾತ್ರ ಕೆಡಿಸಬ್ಯಾಡ್ರಿ,” ಎಂದಳು ಸಾವಿತ್ರಿಬಾಯಿ. ಅವಳ ಕರಾರು ಅಷ್ಟೇ.

ಬೇವಿನ ಕೊಂಬೆಗೆ ಸರಪಳಿ ಹಾಕಿ, ತೋಟದ ಆಳುಗಳು ಕೈ ಹಚ್ಚಿ, ಗಿಯರಿನ ಪೆಟ್ಟಿಗೆ ಟೆಂಪೋ ಏರಿತು. ತಾರಿಖ್ ಅದನ್ನು ಬಿಚ್ಚಿ ತೊಳೆದ, ಹೈದರಾಬಾದಿನಿಂದ ಎಣ್ಣೆ ಸೋರದಂತೆ ಹಿಡಿಯುವ ರಬ್ಬರಿನ ಬಳೆಗಳನ್ನು ತರಿಸಿ ಹಾಕಿದ. ಉದ್ದಗಾಡಿಯ ಕೆಳಗೆ ಅದನ್ನು ಎತ್ತಿ ಹಿಡಿದ ದಿನ ನಾನೂ ಊಟ ಕಟ್ಟಿಕೊಂಡು ಹೋಗಿದ್ದೆ. ಎಂಜಿನ್ನಿಗೂ ಗಿಯರಿಗೂ ನಡುವೆ ಒಂದು ಗೇಣು ಬರೀ ಗಾಳಿ. ತಾರಿಖ್ ಹಣೆ ಬಡಿದುಕೊಂಡ.

“ಯಾ ಅಲ್ಲಾ! ಆ ಡಬ್ಬಿ!”

“ಯಾವ ಡಬ್ಬಿ ಉಸ್ತಾದ್?”

“ದುಂಡಂದು, ನಮ್ಮ ಗಾಡ್ಯಾಗ ಒಡದಿದ್ದು. ಅಲ್ಲಿ ಬಿಚ್ಚಿದೆ, ಬಾಜೂಕ ಇಟ್ಟೆ. ನಾವು ಯಾವಾಗ್ಲೂ ಕ್ಲಚ್ ಪ್ಲೇಟ್ ಎಂಜಿನ್ನಿನ ಕಡೀಗೇ ಬಿಡ್ತೀವಲ್ಲ, ಕೈ ಅದ ರೂಢಿ ಮ್ಯಾಲೆ ಬಿಟ್ಟಬಿಡ್ತು.”

“ಕ್ಲಚ್ ಇಲ್ಲದ ಗಾಡ್ಯಾಗ ಕ್ಲಚ್ ಬಿಟ್ಟ ಬಂದ ಮಿಸ್ತ್ರಿ ನೀ ಒಬ್ಬನ ನೋಡಪಾ!” ಎಂದ ದೇವಿಂದ್ರ. ದೀಪಾವಳಿ ಕಳೆದಿತ್ತು, ಗಿಯರು ಸಿಕ್ಕಿದೆ ಅಂತ ಸಾವುಕಾರರು ಜೀಪಿನ ಎಂಜಿನ್ನು ತಡೆದಿದ್ದರು, ಮದುವೆ ಮೂರನೆಯ ದಿನಕ್ಕಿತ್ತು.

ಮತ್ತೆ ಕಮಲಾಪುರ. ಬೇವಿನ ಕೆಳಗೆ ಡಬ್ಬಿ ಇರಲಿಲ್ಲ.

“ಆ ದುಂಡಂದೇನ? ಛಲೋ ಭಾರ ಅದ ಅಂತ ಬಾಳಿ ಮ್ಯಾಲೆ ಹೇರೀನಿ,” ಎಂದಳು ಸಾವಿತ್ರಿಬಾಯಿ. ಕೆಂಪು ಬಾಳೆಯ ಗೊನೆಗಳನ್ನು ಗುಂಡಿಯಲ್ಲಿಟ್ಟು, ಹುಲ್ಲು ಹೊದಿಸಿ, ಹೊಗೆ ತುಂಬಿ, ಹಲಗೆ ಮುಚ್ಚಿ, ಅಂಚಿಗೆ ಮಣ್ಣು ಮೆತ್ತಿದ್ದರು. ಹಲಗೆಯ ನಡುಮಧ್ಯೆ ನಮ್ಮ ಡಬ್ಬಿ, ದೇವರ ಹಾಗೆ ಕೂತಿತ್ತು.

“ಇವತ್ತ ಬೆಳಿಗ್ಗೆ ಹೊಗಿ ಹಾಕೀನಿ. ಈಗ ಭಾರ ತಗದ್ರ ಹಲಗಿ ಏಳತದ, ಹೊಗಿ ಹೋಗತದ, ಗೊನಿ ಎಲ್ಲಾ ಕಲ್ಲಾಗಿ ಉಳೀತಾವ. ನಾಲ್ಕ ದಿನ ಬಿಟ್ಟು ಬರ್ರಿ.”

ತಾರಿಖ್ ಅಲ್ಲಾಹನನ್ನು ಕರೆದ. ದೇವಿಂದ್ರ ನನ್ನ ಮುಖ ನೋಡಿದ. ಆ ಗುಂಡಿಗಳನ್ನು ಮುಚ್ಚಿ ಮುಚ್ಚಿಯೇ ನನ್ನ ಪ್ರಾಯ ಕಳೆದದ್ದು. ಭಾರ ಎತ್ತಿದರೆ ಹಲಗೆ ಏಳುತ್ತದೆ ನಿಜ, ಸರಿಸಿದರೆ ಏಳುವುದಿಲ್ಲ.

“ಅವ್ವಾರ, ನಿಮ್ಮ ಬೀಸೂಕಲ್ಲು ಕೊಡ್ರಿ,” ಎಂದೆ.

ಕಲ್ಲನ್ನು ಹಲಗೆಯ ಒಂದು ಅಂಚಿಗೆ ಏರಿಸಿದೆವು. ನಾನು ಇನ್ನೊಂದು ಅಂಚಿನ ಮೇಲೆ ಹತ್ತಿ ಕೂತೆ. ಆಳುಗಳು ಕಲ್ಲನ್ನು ಒಳಗೆ ನೂಕಿದ ಹಾಗೆ, ತಾರಿಖ್ ಡಬ್ಬಿಯನ್ನು ಹೊರಗೆ ಎಳೆದ. ಮಣ್ಣು ಬಿರಿಯಲಿಲ್ಲ. ಹೊಗೆಯ ಒಂದು ಎಳೆ ಹೊರಬರಲಿಲ್ಲ.

“ಸಾಬವ್ವಾ, ನೀ ಹಂಗ ಅಲ್ಲೇ ಕುಂದ್ರು. ಬೀಸೂಕಲ್ಲಕ್ಕಿಂತ ನೀನ ಭಾರ ಆಗೀದಿ,” ಎಂದಳು ಸಾವಿತ್ರಿಬಾಯಿ. ತೋಟವೆಲ್ಲ ನಕ್ಕಿತು.

ಡಬ್ಬಿ ಕೂತಿತು, ಗಿಯರು ಕೂತಿತು, ಕೆಂಪು ಎಣ್ಣೆ ಸುರಿದರು. ಮದುವೆಯ ಹಿಂದಿನ ದಿನ ಮಧ್ಯಾಹ್ನ ಗುರುಪ್ರಸಾದ ಸಾವುಕಾರರೂ ಬಂದು ನಿಂತರು. ದೇವಿಂದ್ರ ಕೋಲನ್ನು ನನ್ನ ಕೈಗೆ ಕೊಟ್ಟು ಒಳಗೆ ಕೂತ. ಎಂಜಿನ್ನು ಎದ್ದಿತು. ಸ್ಟೇರಿಂಗಿನ ಹತ್ತಿರದ ಹಿಡಿಕೆ ಇಳಿಸಿ, ಬ್ರೇಕು ಬಿಟ್ಟ.

ಗಾಡಿ ಅಲುಗಲಿಲ್ಲ.

ಸಾವುಕಾರರು ನೆಲ ನೋಡಿದರು. ತಾರಿಖ್ ತಲೆಯ ಮೇಲೆ ಕೈಯಿಟ್ಟ.

“ಅವಸರ ಮಾಡಬ್ಯಾಡ್ರಿ,” ಎಂದ ದೇವಿಂದ್ರ ಒಳಗಿಂದ. “ಎಷ್ಟ ವರ್ಷದಿಂದ ಉಪವಾಸ ಅದ ಅದು. ಎಣ್ಣಿ ಕುಡೀಲಿ. ಉಸ್ತಾದ್, ಇನ್ನಷ್ಟ ಹಾಕು.”

ತಾರಿಖ್ ಇನ್ನಷ್ಟು ಸುರಿದ. ಡಬ್ಬಿ ತುಂಬಿರಬೇಕು. ಗಾಡಿಯ ಮೈ ಒಮ್ಮೆ ಕೆಳಗೆ ತಗ್ಗಿ, ಗೂಳಿ ಎದ್ದು ಮೈ ಕೊಡವಿದಂತಾಯಿತು. ಆಮೇಲೆ ಸದ್ದಿಲ್ಲದೆ, ಜಗ್ಗದೆ, ಸಾವುಕಾರರ ಮುಂದೆಯೇ ಹೆಜ್ಜೆಯ ಮೇಲೆ ಹೆಜ್ಜೆ ಹಾಕಿಕೊಂಡು ಮಿಲ್ಲಿನ ಗೇಟಿನಿಂದ ಹೊರಗೆ ಹೋಯಿತು. ತಾರಿಖ್ ಹಿಂದಿನಿಂದ ಓಡಿದ, “ಚಲ್ ಪಡೀ! ಚಲ್ ಪಡೀ!” ಅಂತ ಕೂಗುತ್ತ. ನಾನು ಕೋಲು ಹಿಡಿದುಕೊಂಡು ಅವನ ಹಿಂದೆ ಓಡಿದೆ. ನನ್ನ ವಯಸ್ಸು ನನಗೆ ನೆನಪಿರಲಿಲ್ಲ.

ಮರುದಿನ ಜೇವರ್ಗಿ ಕಾಲೋನಿಯಲ್ಲಿ ಮೆರವಣಿಗೆ. ಗಾಡಿಯ ಹಿಂದೆ ಬೀಗರ ಹೊಸ ಜೀಪು ಬರುತ್ತಿತ್ತು. ಅದು ಜಗ್ಗಿತು, ನಿಂತಿತು, ಹೊಗೆ ಕಾರಿತು, ಕೊನೆಗೆ ಅದನ್ನು ಪಕ್ಕಕ್ಕೆ ತಳ್ಳಿ ಬೀಗರು ನಡೆದೇ ಬಂದರು. ಉದ್ದಗಾಡಿ ಬ್ಯಾಂಡಿನ ತಾಳಕ್ಕೆ ಸರಿಯಾಗಿ ನಡೆಯುತ್ತಿತ್ತು. ಮದುಮಗ ಒಳಗೆ ಕೂತು ಪೇಢೆ ತಿನ್ನುತ್ತಿದ್ದ. ಬಾಸಿಂಗ ಒಂದಿಷ್ಟೂ ಅಲುಗಲಿಲ್ಲ.

ಮಂಟಪದ ಬಾಗಿಲಲ್ಲಿ ಗಾಡಿ ನಿಂತ ಕೂಡಲೇ, ಜರಿ ರುಮಾಲಿನ ಹಿರಿಯರೊಬ್ಬರು ಗುರುಪ್ರಸಾದ ಸಾವುಕಾರರನ್ನು ಹಿಡಿದುಕೊಂಡರು. “ಬರೂ ತಿಂಗಳ ನಮ್ಮ ಮಗಳ ಮದವಿ ಅದರಿ. ಈ ಗಾಡಿ ನಮಗ ಬೇಕ ನೋಡ್ರಿ.”

ಸಾವುಕಾರರು ತಿರುಗಿ, ಸ್ಟೇರಿಂಗಿನ ಹಿಂದೆ ಕೂತಿದ್ದ ನನ್ನ ತಮ್ಮನ ಕಡೆ ಕೈ ಮಾಡಿದರು. “ನನಗೇನ ಕೇಳ್ತೀರಿ? ಅವರನ್ನ ಕೇಳ್ರಿ. ಅವರು ಬಂದ್ರ ಗಾಡಿ ಬರ್ತದ.”

ಹಿರಿಯರು ಕಿಟಕಿಗೆ ಬಂದು ಬಗ್ಗಿದರು. ದೇವಿಂದ್ರ ಕನ್ನಡಿಯಲ್ಲಿ ಮೀಸೆ ತಿದ್ದಿಕೊಂಡು, ಸಾವಕಾಶ ಅವರ ಕಡೆ ತಿರುಗಿದ.

“ಯಾವ ದಿನ ಅಂದ್ರಿ?”