ಕಾಕಾ ನಿಲ್ಲಿಸುತ್ತಿದ್ದ ಜಾಗ

ನಮ್ಮ ರೇಡಿಯೋದ ಬೆನ್ನಿಗೆ ಎರಡು ತೂತುಗಳಿದ್ದವು. ರಿಕಾರ್ಡು ಹಾಕುವ ಯಂತ್ರದ ತಂತಿಯನ್ನು ಅಲ್ಲಿ ಸಿಕ್ಕಿಸಿದರೆ ಹಾಡು ರೇಡಿಯೋದಲ್ಲಿ ಕೇಳುತ್ತದೆ ಎಂದು ಅದರ ಜೊತೆ ಬಂದ ಪುಸ್ತಿಕೆ ಹೇಳಿತ್ತು. ಕೇಳುತ್ತಿತ್ತು, ಸುಳ್ಳಲ್ಲ. ಆದರೆ ಗವಾಯಿಗಳು ತಗಡಿನ ಡಬ್ಬಿಯೊಳಗೆ ಕೂತು ಹಾಡಿದಂತಿತ್ತು. ನಾನು ಆಗ ಗೋಕಾಕದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಇಂಥದ್ದನ್ನು ಸಹಿಸಿಕೊಂಡು ಸುಮ್ಮನೆ ಕೂರುವ ಸ್ವಭಾವ ನನಗೆ ಹುಟ್ಟಿನಿಂದಲೇ ಇಲ್ಲ.

ಬೆಳಗಾವಿಯಿಂದ ದನಿ ಹಿಗ್ಗಿಸುವ ಗಾಜಿನ ವಾಲ್ವು ಒಂದನ್ನು ತಂದೆ. ತಗಡಿನ ಮೇಲೆ ಕೂರಿಸಿ, ರಿಕಾರ್ಡಿನ ಯಂತ್ರಕ್ಕೂ ರೇಡಿಯೋಕ್ಕೂ ನಡುವೆ ಜೋಡಿಸಿದೆ. ದನಿ ದೊಡ್ಡದಾಯಿತು, ಡಬ್ಬಿ ಮಾತ್ರ ಡಬ್ಬಿಯಾಗಿಯೇ ಉಳಿಯಿತು. ಆಮೇಲೆ ಪುಸ್ತಕ ಓದಿ ಕಾರಣ ತಿಳಿದುಕೊಂಡೆ. ರಿಕಾರ್ಡು ಮಾಡುವಾಗ ತಗ್ಗಿನ ಸ್ವರಗಳನ್ನು ಬೇಕೆಂದೇ ಸಣ್ಣಗೆ ಕೊರೆಯುತ್ತಾರಂತೆ, ಇಲ್ಲದಿದ್ದರೆ ಒಂದು ಗೀರು ಪಕ್ಕದ ಗೀರಿನೊಳಗೆ ನುಗ್ಗುತ್ತದೆ. ಕೇಳಿಸುವಾಗ ಆ ಸ್ವರಗಳನ್ನು ಮತ್ತೆ ಎತ್ತಿಕೊಡಬೇಕು. ನನ್ನ ವಾಲ್ವು ಎಲ್ಲವನ್ನೂ ಒಂದೇ ಸಮ ಎತ್ತುತ್ತಿತ್ತು. ಸರಿ, ಎಲ್ಲ ಬಿಚ್ಚಿ ಹಾಕಿದೆ.

"ಮೊದಲಿನದು ಚಲೋನ ಇತ್ತಲ್ರಿ. ಕೇಳಸ್ತಿತ್ತು. ಇನ್ನೇನು ಕಡಿಮಿ ಆಗೇತಿ?" ಎಂದಳು ಹೆಂಡತಿ. ಊಟದ ಮನೆಯ ತುಂಬ ಬೆಸುಗೆಯ ಹೊಗೆ ಇತ್ತು, ಅವಳ ಸಿಟ್ಟು ನ್ಯಾಯವಾದದ್ದೇ.

ಎರಡನೇ ವಾಲ್ವು ಸೇರಿಸಿ, ತಗ್ಗಿನ ಸ್ವರಗಳನ್ನಷ್ಟೇ ಎತ್ತುವಂತೆ ಹೊಸದಾಗಿ ಕಟ್ಟಿದೆ. ಆಗ 'ಗುಂಯ್' ಎಂಬ ಸದ್ದು ಶುರುವಾಯಿತು. ಹಿತ್ತಲಲ್ಲಿ ಕುಣಿ ತೋಡಿ, ಇದ್ದಿಲು ಉಪ್ಪು ಸುರಿದು, ಯಂತ್ರದ ಅರ್ಥಿಂಗ್ ತಂತಿ ಹುಗಿದು ನೀರು ಹೊಯ್ದ ಮೇಲೆ ಅದು ಮುಕ್ಕಾಲು ಪಾಲು ಅಡಗಿತು. ಉಳಿದ ಕಾಲು ಪಾಲನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಂಥ ಜಂಬ ನನಗೆ.

ಈ ಸುದ್ದಿ ಮಸಗುಪ್ಪಿಯ ಕಾಕಾನ ಕಿವಿಗೆ ಬಿತ್ತು. ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ, ಹೊಲ ಮಾಡಿಕೊಂಡಿದ್ದವನು, ಅಲ್ಲಿಯ ಭಜನಾ ಮೇಳದ ಹಿರಿಯ. ಅವನಿಗೆ ಎದುರು ಕೂರಿಸಿ ಕಲಿಸಿದ ಗುರು ಯಾರೂ ಇರಲಿಲ್ಲ. ಗೌಡರ ಮನೆಯ ಕೀಲಿ ಕೊಡುವ ಗ್ರಾಮಫೋನಿನಲ್ಲಿ ಒಬ್ಬ ಗವಾಯಿಗಳು ಹಾಡಿದ ವಚನವೊಂದನ್ನು ಕೇಳಿ ಕೇಳಿ ಹಾಡುಗಾರನಾದವನು. ಆ ಗವಾಯಿಗಳನ್ನು ಕಣ್ಣಿನಿಂದ ನೋಡದಿದ್ದರೂ "ನಮ್ಮ ಗುರುಗಳು" ಎಂದೇ ಹೇಳುತ್ತಿದ್ದ. ಗೌಡರು ಕೊನೆಗೆ ಆ ರಿಕಾರ್ಡನ್ನು ಅವನಿಗೇ ಕೊಟ್ಟುಬಿಟ್ಟಿದ್ದರು.

ಆ ವಚನದಲ್ಲಿ ಕಾಕಾನದೊಂದು ಜಾಗವಿತ್ತು. ಎರಡನೇ ಸಾಲು ಮುಗಿಯುತ್ತಲೇ ಅವನು ಕಣ್ಣು ಮುಚ್ಚಿ ಅಂಗೈ ಎತ್ತುತ್ತಿದ್ದ. ಮೇಳವೆಲ್ಲ ತಟ್ಟನೆ ನಿಲ್ಲುತ್ತಿತ್ತು. ಹಾರ್ಮೋನಿಯಂ ಪೇಟಿ ಇಲ್ಲ, ದನಿ ಇಲ್ಲ, ತಬಲಾ ಒಂದೇ ಮೆತ್ತಗೆ ನಡೆಯುತ್ತಿತ್ತು. ತಾಳದ ಒಂದು ಆವರ್ತ ಹೀಗೆ ಸುಮ್ಮನಿದ್ದು ಮತ್ತೆ ಎತ್ತಿಕೊಂಡರೆ ಜನ ಆಹಾ ಎನ್ನುತ್ತಿದ್ದರು. ಕೌಜಲಗಿ, ಮೂಡಲಗಿ ಕಡೆಗೆಲ್ಲ "ಮಸಗುಪ್ಪಿ ಮಂದಿ ಅಲ್ಲಿ ನಿಂದರತಾರ ನೋಡು" ಎಂದು ಅದು ಹೆಸರಾಗಿತ್ತು. ಗುರುಗಳು ಹಾಗೆ ನಿಲ್ಲಿಸುತ್ತಾರೆ, ಅದಕ್ಕೇ ನಾನೂ ನಿಲ್ಲಿಸುತ್ತೇನೆ ಎಂಬುದು ಕಾಕಾನ ಅಭಿಮಾನ.

ಒಂದು ರವಿವಾರ ಅವನು ರಿಕಾರ್ಡನ್ನು ಧೋತರದಲ್ಲಿ ಸುತ್ತಿಕೊಂಡು ಬಂದ. ಚಹಾ ಕುಡಿದು ಗೋಡೆಗೆ ಒರಗಿ ಕೂತ. ನಾನು ಮುಳ್ಳು ಇಟ್ಟೆ. ಮೊದಲ ಸಾಲಿಗೇ ಅವನ ಮುಖ ಅರಳಿತು. ಎರಡನೇ ಸಾಲು ಮುಗಿಯಿತು, ರೂಢಿಯಂತೆ ಅಂಗೈ ಎತ್ತಿದ.

ಗವಾಯಿಗಳು ನಿಲ್ಲಲಿಲ್ಲ. ಮೆಲ್ಲಗೆ ಮಂದ್ರಕ್ಕೆ ಇಳಿದರು, ಇನ್ನೂ ಇಳಿದರು, ತಳದ ಷಡ್ಜದಲ್ಲಿ ಒಂದು ಗಳಿಗೆ ನಿಂತು ಮೇಲೆ ಬಂದರು. ಗೌಡರ ಗ್ರಾಮಫೋನಿನ ಗರಗರದಲ್ಲಿ ಅಷ್ಟೂ ಮುಳುಗಿಹೋಗಿತ್ತು.

ನನ್ನ ವಾಲ್ವಿನ ಕರಾಮತ್ತಿಗೆ ನಾನು ಚಪ್ಪಾಳೆ ತಟ್ಟುವವನಿದ್ದೆ. ಅಷ್ಟರಲ್ಲಿ ಕಾಕಾನ ಮುಖ ಕಂಡಿತು.

"ಇನ್ನೊಮ್ಮೆ ಹಚ್ಚು."

ಹಚ್ಚಿದೆ.

"ಅವರು ನಿಂತೇ ಇಲ್ಲಲ್ಲೋ ತಮ್ಮಾ. ಇಷ್ಟು ವರ್ಷ ಮಂದಿಗೆ ತಪ್ಪು ಕಲಿಸೇನಿ."

ನನಗೆ ಬಹಳ ಸಂಕಟವಾಯಿತು. "ಅದು ಗೌಡರ ಮಷೀನಿನ ತಪ್ಪು, ನಿಂದಲ್ಲ" ಎಂದೆ. ಅವನು ತಲೆಯಾಡಿಸಿದ, ಆದರೆ ಕೇಳಿಸಿಕೊಂಡಂತೆ ಕಾಣಲಿಲ್ಲ. ಮುಂದಿನ ವಾರ ಹುಕ್ಕೇರಿಯ ಬೀಗರ ಹೊಸ ಮನೆಯ ವಾಸ್ತುಶಾಂತಿಗೆ ಮೇಳ ಹಾಡುವುದಿತ್ತು. ಅಷ್ಟರೊಳಗೆ ಎಲ್ಲರಿಗೂ ತಿದ್ದಿ ಕಲಿಸಬೇಕು ಎಂದು ಹಟ ಹಿಡಿದ.

ಮರುದಿನ ಸಂಜೆಯೇ ಮೇಳದವರನ್ನೆಲ್ಲ ಬಸ್ಸಿಗೆ ಹತ್ತಿಸಿಕೊಂಡು ನಮ್ಮ ಮನೆಗೆ ಬಂದ. ಎಲ್ಲರೂ ಕೂತು ಕೇಳಿದರು. ಪೇಟಿ ಬಾರಿಸುವವನು ಗಂಟಲು ಸರಿಮಾಡಿಕೊಂಡು ಹೇಳಿದ: "ಮಾಸ್ತರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಮಷೀನಿನ್ಯಾಗ ಗುಂಯ್ ಅನ್ನೋದು ಇನ್ನೂ ಪೂರಾ ಹೋಗಿಲ್ಲ. ಗವಾಯಿಗಳು ನಿಂತ ಕೂಡಲೇ ಅದು ಎದ್ದು ಕೇಳಾಕತ್ತೇತಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಗುಂಯ್ ಅನ್ನೋದು ಎಲ್ಲೆರೆ ಸ್ವರ ಹಿಡದು ಇಳೀತೇತೇನೋ?"

"ನಿಮ್ಮ ಮಷೀನು, ನಿಮಗ ಗೊತ್ತರಿ. ಆದರ ಕಾಕಾ ಹೆಂಗ ತಪ್ಪು ಹಾಡತಾರ?"

ಗೀರು, ವಾಲ್ವು, ತಗ್ಗಿನ ಸ್ವರ ಎಂದು ಸಾಲಿಯ ಪಾಠವನ್ನೇ ಮಾಡಿದೆ. ಎಲ್ಲರೂ ಮರ್ಯಾದೆಯಿಂದ ಹೂಂಗುಟ್ಟಿದರು, ಒಬ್ಬನೂ ನಂಬಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನೊಳಗೆ ನಗುತ್ತಿದ್ದಳು. ಕಾಕಾ ಮಾತ್ರ ರಿಕಾರ್ಡು ಸುತ್ತಿಕೊಂಡು, "ನಡೀರಿ, ಬಸ್ಸಿನ ಹೊತ್ತಾತು" ಎಂದ.

ನಾನು ಹುಕ್ಕೇರಿಗೆ ಹೋದೆ. ಮೇಳ ನಿಂತಾಗ ಕಾಕಾ ಒಬ್ಬನೇ ಮಂದ್ರಕ್ಕೆ ಇಳಿದರೆ, ಹಾಡು ಮರೆತಿದ್ದಾನೆ ಎಂದು ಜನ ಅಂದುಕೊಳ್ಳುತ್ತಾರೆ. ಇಳಿಯದಿದ್ದರೆ, ಗುರುಗಳು ಹಾಡಿದ್ದನ್ನು ಕಿವಿಯಾರೆ ಕೇಳಿಯೂ ಬಿಟ್ಟಂತೆ. ಕಾಕಾನ ಕೊರಳೂ ಮುದಿಯಾಗಿತ್ತು, ಅಷ್ಟು ತಳಕ್ಕೆ ಹೋಗಿ ಬರುವ ಭರವಸೆ ಇರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅಂಗಳದಲ್ಲಿ ವಚನ ಶುರುವಾಯಿತು. ನಾನು ಕಾಕಾನ ಕೈಯನ್ನೇ ನೋಡುತ್ತ ಕೂತಿದ್ದೆ.

ಎರಡನೇ ಸಾಲು ಮುಗಿಯಿತು. ಕಾಕಾ ಅಂಗೈ ಎತ್ತಿದ. ಮೇಳ ನಿಂತಿತು. ಜನರೂ ಸುಮ್ಮನಾದರು, ಆ ಜಾಗ ಅವರಿಗೆ ಗೊತ್ತಿತ್ತು. ಆಗ ಕಾಕಾ ಒಬ್ಬನೇ ಇಳಿಯತೊಡಗಿದ. ಮಂದ್ರದಲ್ಲಿ ದನಿ ಸೀಳಿತು, ತಳದ ಷಡ್ಜವನ್ನು ಅದು ಮುಟ್ಟಿತೋ ಸವರಿತೋ, ಅಷ್ಟೇ. ಆದರೆ ಬೇರೆ ಸದ್ದೇ ಇಲ್ಲದ್ದರಿಂದ ಆ ಒಡಕು ದನಿ ಕೊಟ್ಟಿಗೆಯ ಬಾಜೂ ನಿಂತಿದ್ದವರಿಗೂ ಕೇಳಿಸಿತು. ನನ್ನ ಕಣ್ಣಲ್ಲಿ ನೀರು ಬಂತು.

ಊಟಕ್ಕೆ ಕೂತಾಗ ಪೇಟಿಯವನು ಸಂಕೋಚದಿಂದ ಕೇಳಿದ: "ಕಾಕಾ, ಇನ್ನ ಮ್ಯಾಲ ನಾವೂ ಅಲ್ಲಿ ನಿಮ್ಮ ಕೂಡ ಇಳಿಯೂಣೇನ್ರಿ?"

ಕಾಕಾ ರೊಟ್ಟಿ ಮುರಿಯುತ್ತಿದ್ದ.

"ಬ್ಯಾಡೋ. ನೀವು ನಿಂದರ್ರಿ. ನೀವು ನಿಂತರ ನನಗ ಗುರುಗಳು ಕೇಳಸ್ತಾರ."