ತೊಳೆದು ತಂದ ಕಾರು

ನಿವೃತ್ತಿಯಾದ ಮೇಲೆ ನಾನೂ ನನ್ನ ಯಜಮಾನರೂ ಊರು ನೋಡಲು ಹೊರಡುವುದಕ್ಕೆ ಒಂದು ಕ್ರಮ ಮಾಡಿಕೊಂಡಿದ್ದೇವೆ. ದೂರದ ಹಾದಿಗೆ ರೈಲು, ಇಳಿದ ಊರಿನಲ್ಲಿ ಕಾರು. ಆ ಕಾರು ಟ್ಯಾಕ್ಸಿಯಲ್ಲ, ಯಾರದೋ ಮನೆಯ ಮುಂದೆ ನಿಂತಿರುವ ಸ್ವಂತ ಕಾರು. ತಮಗೆ ಬೇಡದ ದಿನಗಳಲ್ಲಿ ಮಾಲೀಕರು ಅದನ್ನು ಒಂದು ಆ್ಯಪ್‌ನಲ್ಲಿ ಬಾಡಿಗೆಗೆ ಇಟ್ಟಿರುತ್ತಾರೆ. ನಾವು ಲೈಸೆನ್ಸಿನ ಚಿತ್ರ ಕಳಿಸಿ, ಅವರು ಒಪ್ಪಿದ ಮೇಲೆ ಮನೆಗೇ ಹೋಗಿ ಕೀಲಿ ಇಸಿದುಕೊಂಡು ನಾವೇ ಓಡಿಸಿಕೊಂಡು ಹೋಗುತ್ತೇವೆ. ನಾವೇ ಎಂದರೆ ನಾನೇ. ಸ್ಟೀರಿಂಗ್ ಹಿಡಿದರೆ ಯಜಮಾನರ ಮಾತು ನಿಂತುಹೋಗುತ್ತದೆ. ಮಾತಿಲ್ಲದಿದ್ದರೆ ಅದು ಅವರಿಗೆ ಪ್ರವಾಸವೇ ಅಲ್ಲ.

ಬೇರೆಯವರ ಕಾರಿನಲ್ಲಿ ಕುಳಿತರೆ ಬೇರೆಯವರ ಮನೆಯಲ್ಲಿ ಕುಳಿತ ಹಾಗೆ. ಒಂದು ಕಾರಿನ ಸೀಟಿನಡಿ ಮಗುವಿನ ತಲೆಕ್ಲಿಪ್ಪು ಸಿಕ್ಕಿತ್ತು. ಇನ್ನೊಂದರ ಡಿಕ್ಕಿಯ ತುಂಬ ತೆಂಗಿನ ನಾರು. ಯಾರ ಮನೆಯಲ್ಲಿ ಕುಳಿತರೂ ಎದ್ದು ಬರುವಾಗ ಜಾಗ ಒಪ್ಪವಾಗಿರಬೇಕು. ಎರವಲು ತಂದದ್ದನ್ನು ತೊಳೆದು ಕೊಡಬೇಕು, ಹೇಳಿದ ಹೊತ್ತಿಗಿಂತ ಮುಂಚೆ ಕೊಡಬೇಕು. ನರ್ಸಿಂಗ್ ತರಬೇತಿಯ ಹಾಸ್ಟೆಲಿನಲ್ಲಿ ಕಲಿತ ಈ ಎರಡು ಪಾಠ ನನಗೆ ಎಲ್ಲಿಯೂ ಕೈಕೊಟ್ಟಿರಲಿಲ್ಲ, ಬೆಳಗಾವಿಗೆ ಹೋಗುವತನಕ.

ಬೆಳಗಾವಿಯಲ್ಲಿ ನಮಗೆ ಸಿಕ್ಕ ಕಾರು ವಡಗಾವಿಯ ಒಂದು ಓಣಿಯದು. ಓಣಿ ಎಷ್ಟು ಕಿರಿದೆಂದರೆ, ಒಳಗೆ ಹೋದರೆ ತಿರುಗಿಸಲಾಗದೆಂದು ಆಟೋದವನು ಅದರ ಬಾಯಲ್ಲೇ ನಮ್ಮನ್ನು ಇಳಿಸಿ ಹೋದ. ಎರಡೂ ಬದಿಯ ಮನೆಗಳ ಒಳಗಿನಿಂದ ಮಗ್ಗಗಳ ಸದ್ದು. ಕಾರಿನ ಒಡತಿ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ಅವಳ ಗಂಡ ಮನೆಯ ಹಿಂಭಾಗದಲ್ಲಿ ಮಗ್ಗ ನಡೆಸುತ್ತಾನೆ. ಕಾರು ಬಿಳಿಯದು, ಚಿಕ್ಕದು, ಗೋಡೆಗೆ ಅಂಟಿಕೊಂಡ ಹಾಗೆ ನಿಂತಿತ್ತು. ಅವಳು ಒಂದೊಂದೇ ಗೀರು ತೋರಿಸುತ್ತಿದ್ದಳು, ನಾನು ಸುತ್ತ ನಡೆದು ಫೋಟೋ ತೆಗೆಯುತ್ತಿದ್ದೆ. ಇದು ಈ ವ್ಯವಹಾರದ ನಿಯಮ. ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ ಫೋಟೋ ತೆಗೆದಿಟ್ಟರೆ ಮುಂದೆ ಮಾತು ಬೆಳೆಯುವುದಿಲ್ಲ.

ಅವಳ ಅತ್ತೆ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು. ನನ್ನ ವಯಸ್ಸಿನವರೇ ಇರಬೇಕು. ಹಣೆಯ ತುಂಬ ವಿಭೂತಿ, ತಲೆಯ ಮೇಲೆ ಸೆರಗು. ಗಾಡಿ ಹೊಡೆಯುವವರು ಅಜ್ಜಾರೇನು ಎಂದು ಕೇಳಿದರು. ಯಜಮಾನರು ನನ್ನ ಕಡೆ ಕೈ ತೋರಿಸಿದರು. ಆಕೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಮುಚ್ಚುಮರೆಯಿಲ್ಲದೆ ವಿಷಯಕ್ಕೆ ಬಂದರು. ಈ ಗಾಡಿಯನ್ನು ಅವರ ತಮ್ಮನ ಮಗ ಕೇಳುತ್ತಿದ್ದಾನೆ. ಇವರು ಅರ್ಧ ಒಪ್ಪಿಯೂ ಆಗಿದೆ. ಸೊಸೆ ಮಾತ್ರ, ಬಾಡಿಗೆಗೆ ಬಿಟ್ಟು ಅದರ ಖರ್ಚನ್ನು ಅದರಿಂದಲೇ ತೆಗೆಯುತ್ತೇನೆ, ಒಮ್ಮೆ ನೋಡಿ ಎಂದು ಹಟ ಹಿಡಿದಿದ್ದಾಳೆ.

"ನೀವ ಮೊದಲಿನವರು ನೋಡ್ರಿ, ಅಕ್ಕಾರ. ಗುರ್ತಿಲ್ಲದವರ ಕೈಯಾಗ ಕೀಲಿ ಕೊಡೂದು ನನಗ ಸೇರೂದಿಲ್ಲ. ಗಾಡಿ ಛಲೋತ್ನ್ಯಾಗ ಹೊಳ್ಳಿ ಬಂತಂದ್ರ ಮನ್ಯಾಗ ಇರ್ತೈತಿ. ಏನರ ಹೆಚ್ಚುಕಮ್ಮಿ ಆತಂದ್ರ ತಮ್ಮನ ಮಗಗ."

ಸೊಸೆ ಆಗಲೇ ಒರೆಸಿದ್ದ ಕನ್ನಡಿಯನ್ನು ಮತ್ತೊಮ್ಮೆ ಒರೆಸಿದಳು. ಓಣಿಯ ಬಾಯಿಯವರೆಗೆ ದಾರಿ ತೋರಿಸುವ ನೆಪದಲ್ಲಿ ನಮ್ಮ ಜೊತೆ ಬಂದವಳು, ಆ ಮನೆಯಲ್ಲಿ ತನ್ನ ಸಂಬಳದಲ್ಲಿ ತನಗೆಂದು ಕೊಂಡದ್ದು ಇದೊಂದೇ ಎಂದಳು. ರವಿವಾರ ಮಧ್ಯಾಹ್ನ ಒಬ್ಬಳೇ ಖಾನಾಪುರದ ಹೊಳೆಯ ತನಕ ಹೋಗಿ ತಿರುಗಿ ಬರುತ್ತಾಳಂತೆ. ಅಲ್ಲಿ ಏನು ಕೆಲಸ ಎಂದು ಯಜಮಾನರು ಕೇಳಿದರು. ಏನೂ ಇಲ್ಲ, ಸುಮ್ಮನೆ, ಎಂದು ನಕ್ಕಳು. ಆ ನಗೆ ನೋಡಿದ ಮೇಲೆ ಕಾರನ್ನು ಕಣ್ಣಿನಲ್ಲಿ ಇಟ್ಟುಕೊಂಡು ತರಬೇಕೆಂದು ನಾನು ಗಟ್ಟಿ ಮಾಡಿಕೊಂಡೆ.

ನಾವೂ ಹೋದದ್ದು ಖಾನಾಪುರಕ್ಕೇ. ಯಜಮಾನರಿಗೆ ಅಲ್ಲಿನ ಮಣ್ಣಿನ ಗಡಿಗೆಗಳ ಮೇಲೆ ಬಹಳ ದಿನದಿಂದ ಕಣ್ಣಿತ್ತು. ಮಳೆಗಾಲ ಮುಗಿಯುತ್ತ ಬಂದಿತ್ತು. ಮಲಪ್ರಭೆ ಸೇತುವೆಯ ಕೆಳಗೆ ಕೆಂಪಗೆ, ತುಂಬಿ ಹರಿಯುತ್ತಿದ್ದಳು. ಸಂತೆಯಲ್ಲಿ ಒಬ್ಬ ಹೆಂಗಸು ಮರಾಠಿಯಲ್ಲಿ ದರ ಹೇಳಿ, ನಮ್ಮ ಮುಖ ನೋಡಿ, ಅದೇ ಉಸಿರಿನಲ್ಲಿ ಕನ್ನಡಕ್ಕೆ ಹೊರಳಿ ಗೆಣಸು ತೂಗಿಕೊಟ್ಟಳು. ಕುಂಬಾರರ ಮನೆಗೆ ಹೋಗುವ ಹಾದಿಯೆಲ್ಲ ಕೆಸರು. ಗಡಿಗೆಗಳನ್ನು ಆರಿಸಿ, ಬೆರಳಿನಿಂದ ಬಡಿದು ಸದ್ದು ಕೇಳಿ, ಭತ್ತದ ಹುಲ್ಲಿನಲ್ಲಿ ಸುತ್ತಿಸಿ ಡಿಕ್ಕಿಯಲ್ಲಿ ಇಟ್ಟೆವು. ರಾತ್ರಿ ಒಂದು ಲಾಡ್ಜಿನಲ್ಲಿ ತಂಗಿದೆವು. ಬೆಳಿಗ್ಗೆ ನೋಡಿದರೆ ಬಿಳಿಯ ಕಾರು ಕೆಂಪಾಗಿತ್ತು. ಲಾಡ್ಜಿನವರಿಂದ ಬಕೆಟ್ಟು ಕೇಳಿ ಪಡೆದೆ. ಹೊರಗೆಲ್ಲ ತೊಳೆದು, ಒಳಗೆಲ್ಲ ಒರೆಸಿ, ಕಾಲಿನಡಿಯ ಮ್ಯಾಟುಗಳನ್ನು ಫಿನಾಯಿಲ್ ನೀರಿನಲ್ಲಿ ಉಜ್ಜಿ ಬಿಸಿಲಿಗೆ ಹಾಕಿದೆ. ಯಜಮಾನರು ಕಟ್ಟೆಯ ಮೇಲೆ ಕುಳಿತು, ಇಷ್ಟು ಸೇವೆ ನನಗೂ ಆಗಿಲ್ಲ ಎಂದರು.

ಸಂಜೆ ಸೊಸೆ ಬ್ಯಾಂಕಿನಿಂದ ಬಂದ ಮೇಲೆ ಕಾರು ಕೊಡುವುದೆಂದು ಮಾತಾಗಿತ್ತು. ನಾವು ಮಧ್ಯಾಹ್ನದ ಊಟದ ಹೊತ್ತು ಕಳೆಯುತ್ತಲೇ ವಡಗಾವಿಯಲ್ಲಿದ್ದೆವು. ಮನೆಯಲ್ಲಿ ಅತ್ತೆ ಒಬ್ಬರೇ. ಮಗ ನೂಲು ತರಲು ಪೇಟೆಗೆ ಹೋಗಿದ್ದ.

ಇಷ್ಟು ಲಗೂನ ಯಾಕೆ ಬಂದಿರಿ, ಗಾಡಿ ಕೆಟ್ಟಿತೇ ಎಂದು ಕೇಳುತ್ತಲೇ ಆಕೆ ಕಟ್ಟೆ ಇಳಿದು ಬಂದರು. ಇಲ್ಲ, ನಾವು ಯಾವಾಗಲೂ ಮುಂಚೆಯೇ ಬರುವವರು ಎಂದೆ. ಆಕೆ ಬಾನೆಟ್ಟಿನ ಮೇಲೆ ಅಂಗೈ ಎಳೆದು ನೋಡಿಕೊಂಡರು. ಧೂಳಿಲ್ಲ. ಬಾಗಿಲು ತೆಗೆದು ಬಗ್ಗಿ ಮೂಸಿದರು.

"ದವಾಖಾನಿ ವಾಸನಿ ಐತಲ್ರಿ."

ನಮ್ಮ ಸಾಮಾನು ಇಳಿಸೋಣವೆಂದು ಯಜಮಾನರು ಡಿಕ್ಕಿ ತೆಗೆದರು. ಹುಲ್ಲು, ಹುಲ್ಲಿನೊಳಗಿಂದ ಇಣುಕುವ ಹೊಸ ಗಡಿಗೆಗಳು. ಆಕೆ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಅವರಿಗೆ ಲೆಕ್ಕ ಸರಿಹೋಗಿತ್ತು, ನನಗೇ ತಿಳಿದಿರಲಿಲ್ಲ.

"ಹೆಣಾ ಒಯ್ದಿದ್ರೇನ್ರಿ?"

ನಾನು ದಂಗಾದೆ. ಆಕೆ ಸಮಾಧಾನವಾಗಿಯೇ ವಿವರಿಸಿದರು. ಬಾಡಿಗೆ ಗಾಡಿಯನ್ನು ಯಾರೂ ತೊಳೆದು ಕೊಡುವುದಿಲ್ಲ. ಹೆಣ ಹೊತ್ತ ಗಾಡಿಯನ್ನು ಮಾತ್ರ ತೊಳೆಯುತ್ತಾರೆ. ಬಾಜು ಓಣಿಯವರ ಜೀಪನ್ನು ಒಮ್ಮೆ ದೇವರಿಗೆ ಹೋಗುತ್ತೇವೆಂದು ಒಯ್ದವರು ಹೀಗೆಯೇ ಥಳಥಳ ಮಾಡಿ ತಂದು ನಿಲ್ಲಿಸಿದ್ದರಂತೆ. ಅವರು ದವಾಖಾನೆಯಿಂದ ಹೆಣ ಸಾಗಿಸಿದ್ದು ಆಮೇಲೆ ತಿಳಿಯಿತಂತೆ. ಇಲ್ಲಿ ಹೆಣದಡಿ ಹಾಸಿದ ಹುಲ್ಲಿದೆ, ಮಣ್ಣಿನ ಕಾರ್ಯಕ್ಕೆ ಕೊಂಡು ಉಳಿದ ಗಡಿಗೆ ಇದೆ, ಫಿನಾಯಿಲ್ ಇದೆ. ಇನ್ನೇನು ಬೇಕು?

ನಾನು ಫೋನು ತೆಗೆದು ಫೋಟೋಗಳನ್ನು ತೋರಿಸಿದೆ. ಹೋಗುವಾಗಿನ ಗೀರುಗಳೇ ಈಗಲೂ ಇವೆ, ಹೊಸದೊಂದೂ ಇಲ್ಲ.

"ಫೋಟೋದಾಗ ಗೀರು ಕಾಣ್ತೈತ್ರಿ. ಹೆಣಾ ಕಾಣ್ತೈತೇನು?"

ಮೈಲಿಗೆಯ ಮಾತು ಬಂತಲ್ಲ, ಇನ್ನು ಆ ಹುಡುಗಿಯ ಕಾರು ಹೋದಂತೆಯೇ ಎಂದುಕೊಂಡೆ. ಆದರೆ ಆಕೆ ಅಡ್ಡ ಕೈ ಆಡಿಸಿದರು.

"ನಾವು ಲಿಂಗವಂತರು, ನಮ್ಮೊಳಗ ಸೂತಕ ಇಲ್ರಿ, ಅಕ್ಕಾರ. ಸತ್ತವರನ್ನ ಊರು ಮುಟ್ಟಸೂದು ಛಲೋ ಕೆಲಸ. ಒಯ್ದಿದ್ರ ಒಯ್ದೀವಿ ಅನ್ರಿ, ನಾ ಏನೂ ಅನ್ನೂದಿಲ್ಲ, ಗಾಡೀನೂ ಇರಲಿ. ಸುಳ್ಳ ಹೇಳಿ ಒಯ್ಯೂ ಮಂದಿ ಬರೂದಾದ್ರ ಮಾತ್ರ ಈ ಧಂದೇನ ಬ್ಯಾಡ ನಮಗ."

ವಿಚಿತ್ರವೆಂದರೆ ಇದು. ಒಯ್ದೆವು ಎಂದರೆ ಕಾರು ಉಳಿಯುತ್ತದೆ, ಒಯ್ದಿಲ್ಲ ಎಂದರೆ ಹೋಗುತ್ತದೆ. ಯಜಮಾನರು ನನ್ನ ಕಿವಿಯ ಹತ್ತಿರ ಬಾಗಿ, "ಅಂದುಬಿಡು. ನಮ್ಮ ದೊಡ್ಡಪ್ಪ ಹೇಗೂ ಸತ್ತಿದ್ದಾನೆ, ಅವನನ್ನೇ ಒಯ್ದೆವು ಅನ್ನು" ಎಂದರು. ನಾಲಿಗೆಯ ತುದಿಯವರೆಗೂ ಬಂತು. ಆದರೆ ಸುಳ್ಳು ಬೇಡ ಎನ್ನುವವರ ಎದುರು ಸುಳ್ಳು ಹೇಳಿ ಅವರ ಸೊಸೆಗೆ ಉಪಕಾರ ಮಾಡುವುದು ನನಗೆ ಸರಿಬರಲಿಲ್ಲ. ಹೆಣ ಒಯ್ದಿಲ್ಲ, ಎರವಲು ತಂದದ್ದನ್ನೆಲ್ಲ ನಾನು ತೊಳೆದೇ ಕೊಡುವವಳು, ನನಗೆ ಅದೇ ರೂಢಿ ಎಂದೆ. ಅಂಥವರೂ ಇರುತ್ತಾರೆಯೇ ಎಂಬಂತೆ ಆಕೆ ಯಜಮಾನರ ಮುಖ ನೋಡಿದರು. ಅವರು ದೀರ್ಘವಾಗಿ ಉಸಿರುಬಿಟ್ಟು ತಲೆ ಆಡಿಸಿದರು.

ಆಕೆ ಒಳಗೆ ಹೋದರು. ಬಾಗಿಲಿಗೆ ಕೀಲಿ ಹಾಕಿಕೊಂಡು ಹೊರಗೆ ಬಂದರು. ನಡೆಯಿರಿ, ಒಂದು ಸುತ್ತು ಹೊಡೆಯೋಣ, ಗಾಡಿ ಹೇಗೆ ಓಡಿಸುತ್ತೀರೋ ನಾನೂ ನೋಡುತ್ತೇನೆ ಎಂದು ಮುಂದಿನ ಸೀಟಿನಲ್ಲಿ ಕುಳಿತೇಬಿಟ್ಟರು. ಯಜಮಾನರು ಹಿಂದಿನ ಸೀಟಿಗೆ ಹೋದರು. ಬೆಲ್ಟು ಹಾಕಿಕೊಳ್ಳಲು ಆಕೆಗೆ ಬರಲಿಲ್ಲ, ನಾನೇ ಹಾಕಿದೆ. ಈ ಕಾರು ಬಂದಾಗಿನಿಂದ ಆಕೆ ಅದರೊಳಗೆ ಕಾಲಿಟ್ಟಿರಲಿಲ್ಲವಂತೆ. ಸೊಸೆ ಕೊಳ್ಳುವ ಮುಂಚೆ ಕೇಳಲಿಲ್ಲ, ಕೊಂಡ ಮೇಲೆ ಬರ್ರಿ ಎಂದು ಕರೆದಳು. ಕರೆದಾಗ ಇವರು ಹತ್ತಲಿಲ್ಲ, ಆಮೇಲೆ ಅವಳು ಕರೆಯಲಿಲ್ಲ. ಇಷ್ಟನ್ನು ಆಕೆ ನನಗಲ್ಲ, ಮುಂದಿನ ಗಾಜಿಗೆ ಹೇಳಿದರು.

ಊರು ದಾಟಿ ಹಿಂಡಲಗಾದ ಕಡೆ ಹೋದೆವು. ರಸ್ತೆ ಬದಿಯ ಅಂಗಡಿಯೊಂದರ ಹತ್ತಿರ ನಿಲ್ಲಿಸಿ ಎಂದರು. ಬೆಂಚಿನ ಮೇಲೆ ಗಂಡಸರು ಕುಳಿತಿದ್ದರಿಂದ ಕಾರಿನಲ್ಲೇ ಕುಳಿತರು. ಯಜಮಾನರು ಹೋಗಿ ಚಹಾ, ಬಿಸಿ ಭಜಿ ತಂದುಕೊಟ್ಟರು. ಆಕೆ ಭಜಿ ಮುರಿದರು. ಪುಡಿ ಸೀಟಿನ ಮೇಲೆ ಬಿತ್ತು. ನನ್ನ ಕೈ ತಾನಾಗಿಯೇ ಚೀಲಕ್ಕೆ ಹೋಗಿ ಒದ್ದೆಬಟ್ಟೆ ತೆಗೆದು ಒರೆಸಿತು. ಇನ್ನೊಂದು ಚೂರು ಕಾಲಿನ ಹತ್ತಿರ ಬಿತ್ತು. ಸ್ವಲ್ಪ ಕಾಲೆತ್ತಿ ಎಂದು ಹೇಳಿ ಅದನ್ನೂ ಒರೆಸಿದೆ. ಮೂರನೆಯದನ್ನು ಆಕೆ ನನ್ನ ಮುಖ ನೋಡುತ್ತಲೇ, ಬೇಕೆಂದೇ, ಗೇರಿನ ಬಾಜು ಬೀಳಿಸಿದರು. ಪರೀಕ್ಷೆಯೆಂದು ಗೊತ್ತಾದರೂ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಅದನ್ನೂ ಹೆಕ್ಕಿದೆ.

ಆಕೆ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು, ಚಹಾ ತುಳುಕಿ ಸೀರೆಯ ಮೇಲೆ ಬಿತ್ತು. ಅದನ್ನು ಒರೆಸಲು ನಾನು ಕೈ ಚಾಚಿದ್ದು ಕಂಡು ಮತ್ತೆ ನಕ್ಕರು.

"ಖರೇ ಐತಿ ಬಿಡ್ರಿ. ಹೆಣಾನೂ ಇಲ್ಲ, ಪಣಾನೂ ಇಲ್ಲ. ನಿಮಗ ತೊಳಿಯೂ ಹುಚ್ಚು ಐತಿ ಅಷ್ಟ." ಹಿಂದೆ ತಿರುಗಿ, "ಅಜ್ಜಾರ, ಹ್ಯಾಂಗ ಬಾಳೇವು ಮಾಡೀರಿ?" ಎಂದರು.

"ಒದ್ದೆಯಾಗಿ," ಎಂದರು ಯಜಮಾನರು.

ಆಗಲೇ ನನ್ನ ಫೋನು ರಿಂಗಾಯಿತು. ಸೊಸೆ. ಮನೆಗೆ ಬಂದಿದ್ದಾಳೆ. ಬಾಗಿಲಿಗೆ ಕೀಲಿ, ಕಾರು ಇಲ್ಲ, ಅತ್ತೆ ಇಲ್ಲ. ಏನಾಯಿತು, ಎಲ್ಲಿದ್ದೀರಿ ಎಂದು ಎರಡೆರಡು ಸಲ ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಫೋನು ಕಸಿದುಕೊಂಡರು.

"ಗಾಡಿ ನನ್ನ ಹಂತ್ಯಾಕ ಐತಿ. ಹಿಂಡಲಗಾದಾಗ ಚಹಾ ಕುಡ್ಯಾಕತ್ತೀನಿ. ನೀ ಗಾಬ್ರಿ ಆಗಬ್ಯಾಡ." ಉಳಿದ ಚಹಾ ಒಂದು ಗುಟುಕು ಕುಡಿದು ಹೇಳಿದರು, "ನನ್ನ ತಮ್ಮನ ಮಗಗ ಬ್ಯಾರೆ ಗಾಡಿ ನೋಡ್ಕೊ ಅಂತ ನಾನ ಹೇಳ್ತೀನಿ. ಮತ್ತ ಬರೂ ರವಿವಾರ ಯಾರಿಗೂ ಬಾಡಿಗಿ ಕೊಡಬ್ಯಾಡ. ನೀ ಹೊಳಿಗೆ ಹೋಗ್ತೀಯಲ್ಲ, ನಾನೂ ಬರ್ತೀನಿ."

ಆ ಕಡೆಯಿಂದ ಹೂಂ ರೀ ಎಂದದ್ದು ನನಗೂ ಕೇಳಿಸಿತು.

ಓಣಿಯ ಬಾಯಿಯಲ್ಲಿ ನಾನು ವೇಗ ತಗ್ಗಿಸಿದೆ. ಜಾಗ ಕಿರಿದು, ಇಲ್ಲೇ ಇಳಿಯುತ್ತೀರಾ ಎಂದು ಕೇಳಿದೆ. ಆಕೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಬೆನ್ನು ನೆಟ್ಟಗೆ ಮಾಡಿ ಕುಳಿತರು. ಬೇಡ, ಒಳಗೇ ನಡೆಯಿರಿ, ಸಾವಕಾಶ ನಡೆಯಿರಿ ಎಂದು ಹೇಳಿ, ಕಟ್ಟೆಗಳ ಮೇಲೆ ಕುಳಿತಿದ್ದ ಹೆಂಗಸರೆಲ್ಲರಿಗೂ ಕಾಣುವ ಹಾಗೆ ತನ್ನ ಬದಿಯ ಗಾಜನ್ನು ಪೂರ್ತಿ ಇಳಿಸಲು ಹೇಳಿದರು.